ಗ್ಯಾಸ್ಟ್ರಿಕ್ ಮಾತ್ರೆಗೂ ಮನೋವೈದ್ಯರಿಗೂ ನಡುವೆ

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಬೆಳಗ್ಗೆ ಕುಳಿತು ಕೇಳಿಸಿಕೊಂಡರೆ ಸಾಕು, ಒಂದೇ ಬಗೆಯ ದೂರು ಬೇರೆ ಬೇರೆ ಬಾಯಿಗಳಿಂದ ಬರುತ್ತಿರುತ್ತದೆ. ಎದೆ ಹಿಡಿದಂತಾಗುತ್ತದೆ, ತಲೆ ಭಾರ, ಕೈಕಾಲು ಸೋಲು, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಕು ಹರಿಯುವವರೆಗೆ ನಿದ್ದೆಯಿಲ್ಲ, ಜೊತೆಗೆ ಗ್ಯಾಸ್ಟ್ರಿಕ್. ಇಸಿಜಿ ಸರಿಯಿರುತ್ತದೆ, ಥೈರಾಯ್ಡ್ ಸರಿಯಿರುತ್ತದೆ, ಸಕ್ಕರೆಯೂ ಹತೋಟಿಯಲ್ಲಿರುತ್ತದೆ. ವೈದ್ಯರು ಆಸಿಡಿಟಿಯ ಮಾತ್ರೆ, ಬಿ12 ಇಂಜೆಕ್ಷನ್, ಕೆಲವೊಮ್ಮೆ ರಾತ್ರಿಗೆ ಆತಂಕ ತಗ್ಗಿಸಿ ನಿದ್ದೆ ಬರಿಸುವ ಅಲ್ಪ್ರಾಜೋಲಾಮ್ ಬರೆಯುತ್ತಾರೆ. ಚೀಟಿ ಕೈಗಿಡುತ್ತ ‘ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ’ ಎನ್ನುತ್ತಾರೆ. ಟೆನ್ಷನ್ ಮಾಡಿಕೊಳ್ಳದೆ ಇರುವುದು ಹೇಗೆಂದು ಮಾತ್ರ ಆ ಚೀಟಿಯಲ್ಲಿ ಬರೆದಿರುವುದಿಲ್ಲ.

ಇವರಲ್ಲಿ ಹೆಚ್ಚಿನವರಿಗೆ ಮಾನಸಿಕ ಕಾಯಿಲೆಯಿದೆ ಎಂದು ಹೇಳಲಾಗದು. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟು ವರ್ಷವಾಗಿರಬಹುದು. ಮಗ ಮತ್ತೊಮ್ಮೆ ನೀಟ್ ಬರೆಯುತ್ತಿರಬಹುದು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಕೆಲಸವೆಲ್ಲ ಒಬ್ಬ ಸೊಸೆಯ ಪಾಲಿಗೇ ಬಂದಿರಬಹುದು. ಕಂಪನಿಯಲ್ಲಿ ಪಕ್ಕದ ಮೇಜಿನವರನ್ನೆಲ್ಲ ಮನೆಗೆ ಕಳುಹಿಸಿ ಒಬ್ಬನನ್ನು ಉಳಿಸಿಕೊಂಡಿರಬಹುದು. ಉಳಿದವನಿಗೆ ಮುಂದಿನ ತಿಂಗಳು ತನ್ನ ಸರದಿಯೇ ಎಂಬ ಅಳುಕು. ಇವೆಲ್ಲ ಎಲ್ಲರ ಮನೆಯಲ್ಲೂ ಇರುವ ಕಷ್ಟಗಳೇ. ಆದರೆ ಎಲ್ಲರ ಮನೆಯಲ್ಲೂ ಇವೆ ಎಂದ ಮಾತ್ರಕ್ಕೆ ಅವು ಸಣ್ಣವಾಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ದಾಖಲಾದ ಕಾರಣಗಳಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗಳದ್ದು, ಶೇ 31.7. ಪೊಲೀಸ್ ದಾಖಲೆಯ ಕಾರಣವನ್ನು ಪೂರ್ತಿ ನಂಬಬೇಕಿಲ್ಲ. ಒಂದು ಸಾವಿಗೆ ಒಂದೇ ಕಾರಣ ಇರುವುದು ಅಪರೂಪ. ಆದರೂ ‘ಮನೆಮನೆಯ ಕಥೆ’ ಎಂದು ತಳ್ಳಿಹಾಕುವ ವಿಷಯಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದಕ್ಕೆ ಆ ಅಂಕಿ ಸಾಕ್ಷಿಯಾಗುತ್ತದೆ.

ಇಂಥವರಿಗೆ ಮಾತಿನ ಮೂಲಕವೇ ನೆರವಾಗುವ ಆಪ್ತಸಮಾಲೋಚನೆಯ (ಕೌನ್ಸೆಲಿಂಗ್) ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಎರಡೇ ಜಾಡಿನಲ್ಲಿ ಓಡುತ್ತದೆ. ನಾಚಿಕೆ ಬಿಡಿ, ಧೈರ್ಯವಾಗಿ ಥೆರಪಿಗೆ ಹೋಗಿ ಎಂಬುದು ಒಂದು. ನಮ್ಮ ಅಜ್ಜಿಯರು ಯಾವ ಥೆರಪಿಗೆ ಹೋಗಿದ್ದರು, ಈಗಿನವರಿಗೆ ಸಹನೆಯಿಲ್ಲ ಎಂಬುದು ಇನ್ನೊಂದು. ಹೋಗಬೇಕೆಂದರೆ ಹೋಗಲು ಒಂದು ಜಾಗವಿದೆ, ಹೋಗುವವರ ಮನಸ್ಸಷ್ಟೇ ಬದಲಾಗಬೇಕು ಎಂದು ಎರಡೂ ಕಡೆಯವರು ನಂಬಿದಂತಿದೆ. ನನ್ನ ತಕರಾರು ಅಲ್ಲೇ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕೆಲವು ನಗರಗಳನ್ನು ಬಿಟ್ಟರೆ, ಕಾಯಿಲೆಯಲ್ಲದ ಸಂಕಟವನ್ನು ಹೊತ್ತ ಕನ್ನಡಿಗರಿಗೆ ಹೋಗಲು ಬಾಗಿಲೇ ಇಲ್ಲ. ಒಂದು ಬದಿಗೆ ಮನೆಯ ಹಿರಿಯರು, ಮಠದ ಸ್ವಾಮಿಗಳು, ಜ್ಯೋತಿಷಿಗಳು, ದೈವದ ನುಡಿ. ಇನ್ನೊಂದು ಬದಿಗೆ ಮನೋವೈದ್ಯರು. ನಡುವೆ ಇರಬೇಕಾದದ್ದು ಇಲ್ಲ. ಅದಿಲ್ಲದಿರುವುದಕ್ಕೆ ಜನರ ಅಜ್ಞಾನವನ್ನು ದೂರಿದರೆ ಪ್ರಯೋಜನವಿಲ್ಲ. ನಮ್ಮ ಕಾನೂನು, ಆಸ್ಪತ್ರೆ, ವೃತ್ತಿ ಎಲ್ಲವೂ ಆ ನಡುವಿನ ಜಾಗವನ್ನು ಬಿಟ್ಟೇ ಕಟ್ಟಿಕೊಂಡು ಬಂದಿವೆ.

ಕಾನೂನನ್ನೇ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಒಳ್ಳೆಯ ಕಾಯ್ದೆ. ಸರ್ಕಾರದ ಖರ್ಚಿನಲ್ಲಿ ನಡೆಯುವ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಹಕ್ಕು ಎಂದು ಹೇಳಿತು, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು. ಆದರೆ ಅದು ಗುರುತಿಸುವ ಮಾನಸಿಕ ಕಾಯಿಲೆಯೆಂದರೆ ಯೋಚನೆ, ಭಾವ, ಗ್ರಹಿಕೆ, ನೆನಪುಗಳಲ್ಲಿ ಗಣನೀಯ ಏರುಪೇರಾಗಿ ವಿವೇಚನೆಯನ್ನೋ, ನಿತ್ಯದ ಬದುಕು ನಡೆಸುವ ಶಕ್ತಿಯನ್ನೋ ತೀವ್ರವಾಗಿ ಕುಗ್ಗಿಸುವ ಸ್ಥಿತಿ. ಮದುವೆ ಮುರಿದ ದುಃಖ ಅದರೊಳಗೆ ಬರುವುದಿಲ್ಲ, ಬರಲೂಬಾರದು. ವಿಮೆಯೂ ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದವರ ಬಿಲ್ಲನ್ನು ಕಟ್ಟುತ್ತದೆ. ವಾರಕ್ಕೊಮ್ಮೆ ಬಂದು ಮುಕ್ಕಾಲು ಗಂಟೆ ಮಾತಾಡಿ ಹೋಗುವವರ ಖರ್ಚು ಅವರ ಜೇಬಿನದೇ. ಬೆಂಗಳೂರಿನಲ್ಲಿ ಆ ಮುಕ್ಕಾಲು ಗಂಟೆಗೆ ಸಾವಿರದಿಂದ ಮೂರು ಸಾವಿರ ರೂಪಾಯಿ ಕೇಳುವುದು ಸಾಮಾನ್ಯ. ಆರು ಭೇಟಿ ಎಂದರೆ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳೊಬ್ಬಳ ತಿಂಗಳ ಸಂಬಳದ ದೊಡ್ಡ ಪಾಲು.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದರೆ ಸುಳ್ಳಾಗುತ್ತದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವಂಥ ಚರಿತ್ರೆಯಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಅದರ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಕೊಟ್ಟು ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ‘ಮನೋಚೈತನ್ಯ’ದ ಹೆಸರಿನಲ್ಲಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆದರೆ ಬಳ್ಳಾರಿಯ ಮಾದರಿ ಕಟ್ಟಿದ್ದು ಸ್ಕಿಜೋಫ್ರೇನಿಯಾ, ಮೂರ್ಛೆರೋಗ, ತೀವ್ರ ಖಿನ್ನತೆಗಳಿಗಾಗಿ. ಆಗಿನ ತುರ್ತು ಅದೇ ಆಗಿತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬರಂತೆಯೂ ಮನೋವೈದ್ಯರು ಸಿಗದಿರುವಾಗ, ಮಂಗಳವಾರದ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಸಿಗುವುದು ಕೆಲವು ನಿಮಿಷ. ಆ ನಿಮಿಷಗಳಲ್ಲಿ ಮಾತ್ರೆಯ ಪ್ರಮಾಣ ಬದಲಿಸಬಹುದು. ಅತ್ತೆ ಸೊಸೆಯರ ಹತ್ತು ವರ್ಷದ ಕಥೆ ಕೇಳಲಾಗದು. ಕಾಯಿಲೆ ಇದ್ದವರಿಗೇ ನಮ್ಮಲ್ಲಿ ಚಿಕಿತ್ಸೆ ಸಿಗುತ್ತಿಲ್ಲ ಎಂಬುದನ್ನೂ ಮರೆಯಬಾರದು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿತ್ತು, ಸಮಸ್ಯೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗಿದ್ದರು.

ಉಳಿದ ಸೌಲಭ್ಯಗಳು ಇಲಾಖೆಗಳ ನಡುವೆ ಚೆದುರಿಹೋಗಿವೆ. ಹಿಂಸೆಗೊಳಗಾದ ಹೆಂಗಸರಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಾಂತ್ವನ ಕೇಂದ್ರ. ಹದಿಹರೆಯದವರಿಗೆ ಆರೋಗ್ಯ ಇಲಾಖೆಯ ಸ್ನೇಹ ಕ್ಲಿನಿಕ್. ಯುವಜನರಿಗೆ ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ ಯುವ ಸ್ಪಂದನ. ವಿಚ್ಛೇದನಕ್ಕೆ ಅರ್ಜಿ ಹಾಕಿದವರಿಗೆ ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರು. ಪ್ರತಿಯೊಂದು ಬಾಗಿಲೂ ಮೊದಲು ನೀವು ಯಾರು ಎಂದು ಕೇಳುತ್ತದೆ. ಏಟು ತಿಂದವರೇ, ಹದಿನೇಳರವರೇ, ಕಕ್ಷಿದಾರರೇ? ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಲವತ್ತಾರರ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಗಂಡ ಹೊಡೆಯುವುದಿಲ್ಲ, ಸಂಬಳ ಬರುತ್ತದೆ, ಮಗಳು ಕೆನಡಾದಲ್ಲಿದ್ದಾಳೆ, ತಾಯಿ ತೀರಿಕೊಂಡು ಎಂಟು ತಿಂಗಳಾಗಿದೆ, ಯಾವುದರಲ್ಲೂ ರುಚಿಯಿಲ್ಲ. ಇವರು ಮೇಲಿನ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅವರು ಮೊದಲು ಹೇಳಿದ ಕ್ಲಿನಿಕ್ಕಿನ ಸಾಲಿನಲ್ಲಿ ಕೂರುತ್ತಾರೆ.

ಅವರಿಗೊಬ್ಬ ಸಮಾಲೋಚಕರು ಸಿಕ್ಕರು ಎಂದುಕೊಳ್ಳೋಣ. ಅಲ್ಲಿ ನಡೆಯುವುದೇನು? ಇದರ ಬಗ್ಗೆ ನಮ್ಮ ಕಲ್ಪನೆ ಬಹುತೇಕ ಸಿನಿಮಾದಿಂದ ಬಂದದ್ದು. ಸೋಫಾದ ಮೇಲೆ ಮಲಗಿಸಿ ಬಾಲ್ಯ ಕೆದಕುವುದು ಈಗ ಅಪರೂಪ. ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಮುಟ್ಟು, ಔಷಧ, ಮನೆಯಲ್ಲಿ ಯಾರಿದ್ದಾರೆ, ಸಾಯುವ ಯೋಚನೆ ಬಂದಿದೆಯೇ ಎಂಬೆಲ್ಲವನ್ನೂ ಕೇಳುತ್ತಾರೆ. ಕೊನೆಯ ಪ್ರಶ್ನೆಯನ್ನು ಕೇಳಿದರೆ ಆ ಯೋಚನೆಯನ್ನೇ ತಲೆಗೆ ತುಂಬಿದಂತೆ ಎಂಬ ಭಯ ಸುಳ್ಳು. ಕೇಳಿದರೆ ಹೆಚ್ಚಿನವರು ನಿರಾಳವಾಗುತ್ತಾರೆ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಲು ಹೇಳುವವರು ಒಳ್ಳೆಯ ಸಮಾಲೋಚಕರು. ಆಮೇಲೆ ಒಂದು ವಾರದ ದಿನಚರಿ ಬರೆದು ತರಲು ಹೇಳಬಹುದು. ಶಿಕ್ಷಕಿಯ ಹಾಳೆಯಲ್ಲಿ ಶಾಲೆ, ಅಡುಗೆ, ಮೊಬೈಲು, ಹಾಸಿಗೆ ಇಷ್ಟೇ ಇರುತ್ತವೆ.

‘ಅಮ್ಮ ಇದ್ದಾಗ ಭಾನುವಾರ ಏನು ಮಾಡುತ್ತಿದ್ದಿರಿ, ಮೇಡಂ?’

‘ಅವರ ಜೊತೆ ಮಾಲೇಕಲ್ಲು ತಿರುಪತಿಯ ದೇವಸ್ಥಾನಕ್ಕೆ ಹೋಗುತ್ತಿದ್ದೆ. ಈಗ ಯಾರಿಗಾಗಿ ಹೋಗುವುದು?’

‘ಈ ಭಾನುವಾರ ಮನಸ್ಸಿಲ್ಲದಿದ್ದರೂ ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ಹೇಗಿತ್ತು ಎಂದು ಎರಡು ಸಾಲು ಬರೆಯಿರಿ. ಚೆನ್ನಾಗಿರಲಿಲ್ಲ ಎಂದಾದರೆ ಅದನ್ನೇ ಬರೆಯಿರಿ.’

ನೋಡಲು ತೀರಾ ಸಾಮಾನ್ಯವಾದ ಮಾತು. ಪಕ್ಕದ ಮನೆಯವರೂ ಹೇಳುತ್ತಿದ್ದರು ಎನ್ನಬಹುದು. ವ್ಯತ್ಯಾಸವಿರುವುದು ಕ್ರಮದಲ್ಲಿ. ಮನಸ್ಸು ಸರಿಹೋದ ಮೇಲೆ ಹೊರಗೆ ಹೋಗುತ್ತೇನೆ ಎಂದು ಕಾಯುವವರಿಗೆ ಆ ದಿನ ಬರುವುದೇ ಇಲ್ಲ. ಮೊದಲು ಹೆಜ್ಜೆ ಹಾಕಿದರೆ ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಇದರ ತಳಹದಿ. ಪಕ್ಕದ ಮನೆಯವರು ಒಮ್ಮೆ ಹೇಳಿ ಸುಮ್ಮನಾಗುತ್ತಾರೆ, ಇಲ್ಲವೇ ಮುಂದಿನ ಸಲ ‘ಹೇಳಿದರೂ ಕೇಳಲಿಲ್ಲ’ ಎಂದು ಬೈಯುತ್ತಾರೆ. ಇಲ್ಲಿ ಮುಂದಿನ ವಾರ ಆ ಎರಡು ಸಾಲನ್ನು ಇಬ್ಬರೂ ಕೂತು ಓದುತ್ತಾರೆ. ಹೋಗಲಾಗಲಿಲ್ಲ ಎಂದರೆ ಅಡ್ಡ ಬಂದದ್ದೇನು ಎಂದು ಹುಡುಕುತ್ತಾರೆ. ತಪ್ಪು ಹೊರಿಸುವುದಿಲ್ಲ.

ಇದೇ ವಿಧಾನವನ್ನು ಗೋವಾದಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದಾರೆ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ‘ಸಂಗತ್’ ಸಂಸ್ಥೆಯವರು ಮಾನಸಿಕ ಆರೋಗ್ಯದಲ್ಲಿ ಹಿಂದೆ ಕೆಲಸ ಮಾಡಿರದ ಸ್ಥಳೀಯರನ್ನು ಆರಿಸಿ, ತರಬೇತಿ ಕೊಟ್ಟು, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಅವರು ತೀವ್ರ ಖಿನ್ನತೆಯಿರುವವರನ್ನು ಆರರಿಂದ ಎಂಟು ಸಲ, ಬೇಕಾದರೆ ಅವರ ಮನೆಗೇ ಹೋಗಿ ಭೇಟಿಯಾದರು. 495 ಮಂದಿಯ ಅಧ್ಯಯನದ ಫಲಿತಾಂಶ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಕೇಂದ್ರದ ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಶೇ 39. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಅಜ್ಜಿಯರಿಗೆ ತರಬೇತಿ ಕೊಟ್ಟು ಕ್ಲಿನಿಕ್ಕಿನ ಅಂಗಳದ ಬೆಂಚಿನ ಮೇಲೆ ಕೂರಿಸಿ ಇಂಥದ್ದೇ ಫಲ ಪಡೆದಿದ್ದಾರೆ. ಗೋವಾದ ಪರೀಕ್ಷೆ ನಡೆದದ್ದು ಖಿನ್ನತೆಯ ಮೇಲೆ, ನಿತ್ಯದ ಬೇಸರದ ಮೇಲಲ್ಲ. ಆ ಎಚ್ಚರ ಇರಲಿ. ಆದರೆ ಒಂದಂತೂ ಸ್ಪಷ್ಟ. ಕೆಲಸ ಮಾಡಿದ್ದು ಪದವಿಯ ಎತ್ತರವಲ್ಲ. ಕಲಿತ ವಿಧಾನವೊಂದನ್ನು ತಪ್ಪದೆ ಪಾಲಿಸಿದ್ದು ಮತ್ತು ಆ ಸಮಾಲೋಚಕರ ಕೆಲಸವನ್ನು ಪ್ರತಿ ವಾರ ಇನ್ನೊಬ್ಬರು ಕೇಳಿ ತಿದ್ದಿದ್ದು.

ಹಾಗೆಂದು ಪಶ್ಚಿಮದ ವಿಧಾನವನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟರೆ ನಡೆಯುವುದಿಲ್ಲ. ಸಮಾಲೋಚಕರು ಸಲಹೆ ಕೊಡಬಾರದು, ಬಂದವರೇ ತಮ್ಮ ದಾರಿ ಕಂಡುಕೊಳ್ಳಲು ನೆರವಾಗಬೇಕು ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕಾಲದಿಂದ ಬಂದ ಪಾಠ. ನಮ್ಮವರು ಬಂದು ಕುಳಿತು ಎಲ್ಲ ಹೇಳಿಕೊಂಡು, ಕೊನೆಗೆ ‘ಈಗ ಏನು ಮಾಡಲಿ, ನೀವೇ ಹೇಳಿ’ ಎನ್ನುತ್ತಾರೆ. ‘ನಿಮಗೇನನ್ನಿಸುತ್ತದೆ?’ ಎಂದು ತಿರುಗಿ ಕೇಳಿದರೆ, ಗೊತ್ತಿದ್ದರೆ ನಿಮ್ಮ ಹತ್ತಿರ ಏಕೆ ಬರುತ್ತಿದ್ದೆ ಎಂಬ ಮುಖ. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಈ ಬಿಕ್ಕಟ್ಟನ್ನು ಗುರುತಿಸಿ, ಭಾರತೀಯ ಸಂದರ್ಭದಲ್ಲಿ ಗುರು ಚೇಲ ಸಂಬಂಧವನ್ನು ಚಿಕಿತ್ಸೆಗೆ ಮಾದರಿಯಾಗಿ ನೋಡಬಹುದೇ ಎಂದು ಬರೆದರು. ಅದರಲ್ಲಿ ಅಪಾಯವೂ ಇದೆ, ಗುರುವಾಗಿಬಿಡುವ ಆಸೆ ಯಾವ ಸಮಾಲೋಚಕರಿಗೂ ಬರಬಹುದು. ನಾನು ಕಂಡಂತೆ ಅನುಭವಸ್ಥರು ನಡುವಿನ ದಾರಿ ಹಿಡಿಯುತ್ತಾರೆ. ನಿದ್ದೆ, ಕುಡಿತ, ಸಾಲ, ಕಾನೂನಿನಂಥ ವಿಷಯಗಳಲ್ಲಿ ನೇರವಾಗಿ ಹೇಳುತ್ತಾರೆ. ಗಂಡನನ್ನು ಬಿಡಬೇಕೇ, ಕೆಲಸ ಬಿಡಬೇಕೇ ಎಂಬಲ್ಲಿ ಬಾಯಿ ಕಟ್ಟಿಕೊಳ್ಳುತ್ತಾರೆ.

ಕುಟುಂಬದ ಪ್ರಶ್ನೆ ಇನ್ನೂ ಜಟಿಲ. ನಮ್ಮಲ್ಲಿ ಒಬ್ಬರೇ ಬರುವುದು ಕಡಿಮೆ. ಅಣ್ಣ ಕರೆದುಕೊಂಡು ಬರುತ್ತಾನೆ, ಹೊರಗೆ ಅತ್ತಿಗೆ ಕೂತಿರುತ್ತಾಳೆ, ಒಳಗೆ ಏನು ಮಾತಾಯಿತು ಎಂದು ಮನೆಗೆ ಹೋಗುವವರೆಗೂ ವಿಚಾರಣೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಅವರನ್ನೂ ಚಿಕಿತ್ಸೆಯ ಭಾಗವಾಗಿಸಿದ್ದರು. ಕುಟುಂಬ ಹೀಗೆ ಆಸರೆಯಾಗಬಲ್ಲದು. ಆದರೆ ಸಂಕಟದ ಮೂಲವೇ ಕುಟುಂಬವಾದಾಗ, ಎಲ್ಲರೆದುರು ಮಾತಾಡಿಸಿದ ‘ರಾಜಿ’ ಸಮಾಲೋಚನೆಯಾಗುವುದಿಲ್ಲ; ಅದು ಪಂಚಾಯಿತಿ. ‘ಹೊಂದಿಕೊಂಡು ಹೋಗಮ್ಮ’ ಎಂದು ಹೇಳಿ ಕಳುಹಿಸುವ ಎಷ್ಟೋ ಕೇಂದ್ರಗಳು ಪಂಚಾಯಿತಿಯನ್ನೇ ಮಾಡುತ್ತಿವೆ. ಅಂಥ ಕಡೆ ಹೋಗಿ ಬಂದ ಹೆಣ್ಣುಮಗಳು ಇನ್ನೆಂದೂ ಯಾವ ಸಮಾಲೋಚಕರ ಬಳಿಗೂ ಹೋಗುವುದಿಲ್ಲ.

ಗೌಪ್ಯತೆಯ ಮಾತೂ ಇಲ್ಲೇ ಬರುತ್ತದೆ. ಸಣ್ಣ ಊರಿನಲ್ಲಿ ಸಮಾಲೋಚಕರ ಹೆಂಡತಿ ನಿಮ್ಮ ಮಗಳ ಟೀಚರಾಗಿರಬಹುದು. ಜನ ಹಿಂಜರಿಯುವುದನ್ನೆಲ್ಲ ಕಳಂಕ ಎಂದು ಕರೆದುಬಿಡುವುದು ನಮಗೆ ಅಭ್ಯಾಸವಾಗಿದೆ. ಬಹಳಷ್ಟು ಸಲ ಅದು ಲೆಕ್ಕ ಹಾಕಿದ ಜಾಣ ಎಚ್ಚರ. ಹಾಗಾಗಿಯೇ ಫೋನಿನ ಸೇವೆಗೆ ಇಷ್ಟು ಬೇಡಿಕೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿವೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಸಾಯುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆ ಸಂಖ್ಯೆಗೆ ಕರೆ ಮಾಡುವುದು ಒಳ್ಳೆಯದು. ಆದರೆ ಫೋನಿನ ಸೇವೆ ಒಂದು ರಾತ್ರಿಯನ್ನು ದಾಟಿಸುತ್ತದೆ. ಒಬ್ಬರೇ ಕೇಳುಗರು, ವಾರವಾರ, ಹಿಂದಿನ ಮಾತನ್ನು ನೆನಪಿಟ್ಟುಕೊಂಡು ಕೂರುವ ಕೆಲಸ ಬೇರೆ. ಈಚೆಗೆ ಕಾಲೇಜು ಹುಡುಗರು ನಡುರಾತ್ರಿ ಚಾಟ್‌ಬಾಟ್‌ಗಳ ಜೊತೆ ಗೋಳು ಹೇಳಿಕೊಳ್ಳುತ್ತಿದ್ದಾರೆ. ಅವರನ್ನು ಬೈಯುವ ಮೊದಲು, ಆ ಹೊತ್ತಿನಲ್ಲಿ ಅವರಿಗೆ ಇನ್ನಾರು ಸಿಗುತ್ತಿದ್ದರು ಎಂದು ಕೇಳಿಕೊಳ್ಳಬೇಕು. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಯಂತ್ರವೊಂದು ತಾನಾಗಿ ಥೆರಪಿ ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಅಲ್ಲಿ ಪರವಾನಗಿ ಪಡೆದ ಚಿಕಿತ್ಸಕರು ಯಾರು ಎಂಬುದು ಸ್ಪಷ್ಟವಾಗಿರುವುದರಿಂದ ಹಾಗೆ ಮಾಡಲು ಸಾಧ್ಯವಾಯಿತು.

ನಮ್ಮಲ್ಲಿ ಅದೇ ಸ್ಪಷ್ಟವಿಲ್ಲ. ಇಂದು ಯಾರು ಬೇಕಾದರೂ ಮನೆಯ ಗೇಟಿಗೆ ‘ಆಪ್ತಸಮಾಲೋಚಕರು’ ಎಂಬ ಫಲಕ ತೂಗುಹಾಕಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವ ಅಧಿಕಾರ ಇರುವುದು ಅವರಿಗೆ. ಸಮಾಲೋಚಕರ ವಿಷಯದಲ್ಲಿ ಇಂಥ ಗೆರೆಯಿಲ್ಲ. ಎರಡು ವರ್ಷ ಎಂಎಸ್ಸಿ ಓದಿ, ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆ ಕೆಲಸ ಕಲಿತವರೂ ಅದೇ ಹೆಸರಿನವರು, ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಅದೇ ಹೆಸರಿನವರು. 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕಾಗದದ ಮೇಲೆ ಅದು ದೊಡ್ಡ ಹೆಜ್ಜೆ. ನೆಲದ ಮೇಲೆ, ಸಮಾಲೋಚಕರ ನೋಂದಣಿ ಸಂಖ್ಯೆ ಕೇಳಿ ಪರಿಶೀಲಿಸುವ ಅಭ್ಯಾಸ ಸಾಮಾನ್ಯ ಜನರಲ್ಲಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಈಗ ಹೋಗುವವರು ತಾವೇ ವಿಚಾರಿಸಬೇಕು. ಎಲ್ಲಿ ಓದಿದಿರಿ, ಏನು ಓದಿದಿರಿ ಎಂದು ಕೇಳುವುದು ಅವಮರ್ಯಾದೆಯಲ್ಲ. ನನ್ನಂಥ ಸಮಸ್ಯೆಗೆ ಸಾಮಾನ್ಯವಾಗಿ ಎಷ್ಟು ಭೇಟಿ ಬೇಕಾಗುತ್ತದೆ, ಶುಲ್ಕವೆಷ್ಟು, ಭೇಟಿ ತಪ್ಪಿದರೆ ಹಣ ಕಟ್ಟಬೇಕೇ, ನಾನು ಹೇಳಿದ್ದನ್ನು ಯಾವ ಸಂದರ್ಭದಲ್ಲಿ ಬೇರೆಯವರಿಗೆ ಹೇಳುತ್ತೀರಿ ಎಂದು ಮೊದಲ ದಿನವೇ ಕೇಳಬೇಕು. ಕೊನೆಯದಕ್ಕೆ ‘ಯಾರಿಗೂ ಹೇಳುವುದೇ ಇಲ್ಲ’ ಎಂದರೆ ಅವರಿಗೆ ವೃತ್ತಿಯ ನಿಯಮ ಗೊತ್ತಿಲ್ಲ ಎಂದರ್ಥ. ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ತಿಳಿಸಬೇಕಾಗುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಮೂರೇ ಭೇಟಿಯಲ್ಲಿ ವಾಸಿ ಮಾಡುತ್ತೇನೆ ಎನ್ನುವವರು, ಹಿಂದಿನವರ ಕಥೆಯನ್ನು ಹೆಸರು ಹೇಳಿ ವರ್ಣಿಸುವವರು, ಪೂಜೆಯನ್ನೋ ಪುಡಿಯನ್ನೋ ಜೊತೆಗೆ ಮಾರುವವರು, ಔಷಧ ಬಿಡಿ ಎಂದು ತಾವೇ ಹೇಳುವವರು, ಇವರ ಹತ್ತಿರ ಎರಡನೇ ಸಲ ಹೋಗಬೇಕಿಲ್ಲ. ಅರ್ಹತೆಯೆಲ್ಲ ಇದ್ದೂ ಒಬ್ಬರ ಜೊತೆ ಮನಸ್ಸು ಬಿಚ್ಚಲು ಆಗದಿದ್ದರೆ ಬೇರೆಯವರನ್ನು ನೋಡುವುದರಲ್ಲಿ ತಪ್ಪಿಲ್ಲ. ಚಿಕಿತ್ಸಕರು ಯಾವ ಪಂಥದವರು ಎನ್ನುವುದಕ್ಕಿಂತ ಅವರೊಂದಿಗೆ ಬಂಧ ಬೆಳೆಯಿತೇ ಎಂಬುದು ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ ಎಂಬ ಮಾತಿಗೆ ಸಂಶೋಧನೆಯ ಬೆಂಬಲ ಸಾಕಷ್ಟಿದೆ.

ಇನ್ನು ಅಜ್ಜಿಯರ ವಾದ. ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ದುಃಖಕ್ಕೆಲ್ಲ ಕಾಯಿಲೆಯ ಹೆಸರಿಡುವ ಚಾಳಿ ಬೆಳೆಯುತ್ತಿರುವುದು ನಿಜ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಆವೃತ್ತಿಯಲ್ಲಿ, ವರ್ಷ ಕಳೆದರೂ ಬದುಕನ್ನು ಮುಂದೆ ಸಾಗಲು ಬಿಡದ ತೀವ್ರ ಶೋಕವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂಥ ಶೋಕ ಇರುವುದು ಹೌದು. ಆದರೆ ಹದಿಮೂರು ದಿನದ ಕರ್ಮ, ತಿಂಗಳ ಮಾಸಿಕ, ವರ್ಷಾಬ್ದಿಕ ಎಂದು ದುಃಖಕ್ಕೆ ಮೆಲ್ಲಗೆ ದಾರಿ ಮಾಡಿಕೊಡುವ ಸಮಾಜದಲ್ಲಿ ಆ ಗಡುವನ್ನು ಯಾಂತ್ರಿಕವಾಗಿ ಬಳಸಿದರೆ ಎಡವಟ್ಟಾಗುತ್ತದೆ. ಚಿಕಿತ್ಸೆಯಿಂದ ಲಾಭವಾಗದಿದ್ದರೂ ನಷ್ಟವೇನಿಲ್ಲ ಎಂಬ ನಂಬಿಕೆಯೂ ತಪ್ಪು. ದುರಂತ ನಡೆದ ಕೂಡಲೇ ಬದುಕುಳಿದವರನ್ನೆಲ್ಲ ಕೂರಿಸಿ ಅನುಭವ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಎನ್ನುತ್ತದೆ. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ, ಎಲ್ಲ ಮಕ್ಕಳಿಗೂ ತರಗತಿಯಲ್ಲೇ ಧ್ಯಾನದ ಪಾಠ ಹೇಳಿಕೊಟ್ಟರೆ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ ಎಂದು 2022ರಲ್ಲಿ ವರದಿ ಮಾಡಿತು. ಬೇಕಾದವರಿಗೆ ಬೇಕಾದಷ್ಟು ಸಿಗುವುದು ಬೇರೆ, ಎಲ್ಲರಿಗೂ ಬಡಿಸುವುದು ಬೇರೆ.

ಬೇಕಾದವರು ಯಾರು? ಎರಡು ವಾರ ದಾಟಿದರೂ ನಿದ್ದೆ, ಊಟ, ಕೆಲಸ ಹಳಿಗೆ ಬಾರದವರು. ಒಂದೇ ಜಗಳ ಒಂದೇ ರೀತಿ ವರ್ಷಗಟ್ಟಲೆ ನಡೆಯುತ್ತಿರುವವರು. ಸಂಜೆಯ ಒಂದು ಪೆಗ್ಗು ಮೂರಾದವರು. ಎಲ್ಲ ಇದ್ದೂ ಹೇಳಿಕೊಳ್ಳಲು ಯಾರೂ ಇಲ್ಲದವರು. ಅಜ್ಜಿಗೆ ಥೆರಪಿ ಇರಲಿಲ್ಲ ನಿಜ, ಆದರೆ ಬಾವಿಕಟ್ಟೆಯಿತ್ತು, ತವರಿನಿಂದ ಬರುವ ತಂಗಿಯಿದ್ದಳು, ಸುಗ್ಗಿ ಮುಗಿದ ಮೇಲೆ ಬಿಡುವಿತ್ತು. ಇವೆಲ್ಲ ಇದ್ದೂ ಎಷ್ಟೋ ಅಜ್ಜಿಯರು ಒಳಗೊಳಗೇ ಬೆಂದುಹೋದರು ಎಂಬುದನ್ನು ಆ ವಾದ ಹೂಡುವವರು ಹೇಳುವುದಿಲ್ಲ. ಮೈಮೇಲೆ ದೇವಿ ಬಂದಾಗ ಮಾತ್ರ ಮನೆಯವರು ತಲೆಬಾಗಿ ಕೇಳಿಸಿಕೊಂಡರೆಂದರೆ, ಉಳಿದ ದಿನಗಳಲ್ಲಿ ಆಕೆಯ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ ಎಂದೇ ಅಲ್ಲವೇ?

ನಡುವಿನ ಜಾಗವನ್ನು ತುಂಬುವ ಪ್ರಯತ್ನಗಳು ಇಲ್ಲೇ ನಡೆದಿವೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಬರೆಯುತ್ತ, ಬೆಂಗಳೂರಿನಲ್ಲಿ ಉಚಿತ ಆಪ್ತಸಲಹೆ ನಡೆಸುತ್ತ, ಮನೋವಿಜ್ಞಾನ ಓದದ ಜನಸಾಮಾನ್ಯರಿಗೂ ಆಪ್ತಸಲಹೆಯ ತರಬೇತಿ ಕೊಟ್ಟಿದ್ದಾರೆ. ನಿಮ್ಹಾನ್ಸ್ ಕೂಡ ತನ್ನ ಆವರಣದಿಂದ ದೂರ, ಬಿಟಿಎಂ ಬಡಾವಣೆಯಲ್ಲಿ ನಿತ್ಯದ ತೊಂದರೆಗಳಿಗೆಂದೇ ಕ್ಷೇಮ ಕೇಂದ್ರವೊಂದನ್ನು ತೆರೆದಿದೆ. ದೊಡ್ಡ ಆಸ್ಪತ್ರೆಯ ಗೇಟು ದಾಟಲು ಹಿಂಜರಿಯುವವರು ಅಲ್ಲಿಗೆ ಹೋಗುತ್ತಾರೆ. ಬ್ರಿಟನ್ ಇದನ್ನೇ ದೇಶದ ಮಟ್ಟದಲ್ಲಿ ಮಾಡಿತು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಅವರ ವಾದದ ಮೇಲೆ 2008ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಉಚಿತ ಮಾತಿನ ಚಿಕಿತ್ಸೆಯನ್ನು ದೊಡ್ಡ ಪ್ರಮಾಣದಲ್ಲಿ ವಿಸ್ತರಿಸತೊಡಗಿತು. ಮೊದಲಿಗೆ ಅಭ್ಯಾಸದ ಪುಸ್ತಕ ಮತ್ತು ಫೋನಿನಲ್ಲಿ ಮಾರ್ಗದರ್ಶನ, ಸಾಲದಿದ್ದರೆ ಮಾತ್ರ ಹೆಚ್ಚು ಕಲಿತ ಚಿಕಿತ್ಸಕರು. ಅಲ್ಲಿ ಚಿಕಿತ್ಸೆ ಮುಗಿಸಿದವರಲ್ಲಿ ಅರ್ಧದಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಇನ್ನರ್ಧ ಮಂದಿಯ ಮಾತೇನು ಎಂಬ ಪ್ರಶ್ನೆ ಅಲ್ಲೂ ಇದೆ.

ಇಲ್ಲಿ ಈಗ ಒಂದು ಅವಕಾಶ ಬಂದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ಆದೇಶಿಸಿತು. ನಮ್ಮ ಕಾಲೇಜುಗಳ ಪದ್ಧತಿ ನೋಡಿದರೆ ಇದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ದೈಹಿಕ ಶಿಕ್ಷಣದ ಮೇಷ್ಟರಿಗೋ ಎನ್ಎಸ್ಎಸ್ ಅಧಿಕಾರಿಗೋ ‘ಹೆಚ್ಚುವರಿ ಪ್ರಭಾರ’ ಕೊಟ್ಟು, ಎರಡು ದಿನದ ಕಾರ್ಯಾಗಾರಕ್ಕೆ ಕಳುಹಿಸಿ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ಒಂದು ಕೊಠಡಿಗೆ ಫಲಕ ಹಾಕಿದರೆ ಆದೇಶ ಪಾಲನೆಯಾದಂತೆ. ತನ್ನ ಆಂತರಿಕ ಅಂಕ ಹಾಕುವ ಮೇಷ್ಟರ ಮುಂದೆ ಯಾವ ಹುಡುಗಿ ಮನಸ್ಸು ತೆರೆಯುತ್ತಾಳೆ?

ಆಸ್ಪತ್ರೆಗಳ ಕಡೆಯೂ ಇದೇ ಆಮಿಷವಿದೆ. ನಗರಗಳ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳು, ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳು ಆಗಲೇ ಇವೆ; ಅಲ್ಲಿಯ ಸಿಬ್ಬಂದಿಗೋ ಆಶಾ ಕಾರ್ಯಕರ್ತೆಯರಿಗೋ ಇದನ್ನೂ ವಹಿಸಿದರೆ ಆಯಿತು ಎಂಬ ಲೆಕ್ಕ. ಗೋವಾದ ವಿಧಾನವನ್ನು ಮಧ್ಯಪ್ರದೇಶದ ಆಶಾ ಕಾರ್ಯಕರ್ತೆಯರಿಗೆ ಮೊಬೈಲ್ ಮೂಲಕ ಕಲಿಸುವ ಪ್ರಯೋಗ ನಡೆದಿದೆ, ಕಲಿಯಬಲ್ಲರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತು, ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆಯಲು ಹೋರಾಡಬೇಕಾದವರ ತಲೆಯ ಮೇಲೆ ಊರಿನ ದುಃಖವನ್ನೂ ಹೊರಿಸುವುದು ಯಾವ ನ್ಯಾಯ? ರಾಜ್ಯದಲ್ಲಿ 230ಕ್ಕೂ ಹೆಚ್ಚು ತಾಲ್ಲೂಕುಗಳಿವೆ. ಈ ಕೆಲಸಕ್ಕೆಂದೇ ತಾಲ್ಲೂಕಿಗೆ ಇಬ್ಬರು ಸಮಾಲೋಚಕರಂತೆ ಲೆಕ್ಕ ಹಾಕಿದರೂ ಐದುನೂರರ ಒಳಗೆ ಹುದ್ದೆಗಳು; ಅವರ ಕೆಲಸವನ್ನು ವಾರವಾರ ಕೇಳಿ ತಿದ್ದಲು ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿರುವ ಮನಶ್ಶಾಸ್ತ್ರಜ್ಞರಿಗೆ ಬಿಡುವು ಮಾಡಿಕೊಡಬೇಕು. ಒಂದು ಬಜೆಟ್ಟಿನಲ್ಲಿ ಮುಗಿಯುವ ಮಾತಿದು. ಸಮಯವನ್ನು ಮಾತ್ರ ಸಂಜೆ ಐದರಿಂದ ಎಂಟರವರೆಗೆ ಇಡಬೇಕು. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಗಾರ್ಮೆಂಟ್‌ನವರಿಗೆ ಪಾಳಿ, ಶಿಕ್ಷಕಿಗೆ ಪಾಠ, ರೈತನಿಗೆ ಸಂತೆ ಇರುತ್ತದೆ.